ಗಣಿ ವರದಿಯ ದಾಖಲೆಗಳು: ಮಲೆನಾಡು ಕಲಿಯಬೇಕಾದ ಪಾಠ

ಅಂದಿನ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಕುರಿತಾದ ತಮ್ಮ ಎರಡನೆಯ ವರದಿಯನ್ನು 2011ರ ಜುಲೈ 27ರಂದು ಕರ್ನಾಟಕ ಸರ್ಕಾರಕ್ಕೆ ಒಪ್ಪಿಸಿದರು. ಅದರಲ್ಲಿ ಯಾರ ಯಾರ ಹೆಸರಿದೆ ಎಂಬುದೇ ಅಂದು ನಾಡಿನ ಮಾತಾಗಿತ್ತು. ಸಲ್ಲಿಕೆಗೆ ಮೊದಲೇ ವರದಿಯ ಕೆಲವು ಅಂಶಗಳು ಸೋರಿಕೆಯಾಗಿ ಪತ್ರಿಕೆಗಳಲ್ಲಿ ಬಂದಿದ್ದವು. ಅದೇ ತಿಂಗಳ 31ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ರಾಜೀನಾಮೆ ನೀಡಿದರು. ಹೆಸರುಗಳ ಈ ಗದ್ದಲದಲ್ಲಿ ವರದಿಯ ನಿಜವಾದ ಒಡಲು ಮರೆಗೆ ಸರಿಯಿತು. ಅನುಬಂಧಗಳೂ ಸೇರಿ ಅದು 25 ಸಾವಿರಕ್ಕೂ ಹೆಚ್ಚು ಪುಟಗಳ ದಾಖಲೆರಾಶಿ. ವ್ಯಕ್ತಿಗಳು ಬಂದು ಹೋಗುತ್ತಾರೆ. ಆ ಕಾಗದಗಳು ಉಳಿದಿವೆ. ಬೆಟ್ಟ, ಕಾಡು, ನೀರನ್ನು ನಂಬಿ ಬದುಕುವ ಜನರಿಗೆ ಇಂದಿಗೂ ಉಪಯೋಗಕ್ಕೆ ಬರುವಂಥದ್ದು ಆ ಕಾಗದಗಳಲ್ಲಿಯೇ ಇದೆ.

ಈ ತನಿಖೆ ಬಳ್ಳಾರಿಯ ಬಯಲುಸೀಮೆಗೆ ಸೇರಿದ್ದು, ಘಟ್ಟದವರಿಗೆ ಅದರ ಗೊಡವೆಯೇಕೆ ಎಂದು ಕೇಳುವವರಿದ್ದಾರೆ. ಸಂಡೂರು, ಹೊಸಪೇಟೆಗಳ ಅದಿರು ಸಮುದ್ರ ಸೇರಿದ್ದು ಸಹ್ಯಾದ್ರಿಯನ್ನು ಇಳಿದೇ. ಹುಬ್ಬಳ್ಳಿ ದಾಟಿ, ಯಲ್ಲಾಪುರದ ಕಾಡಿನ ನಡುವೆ ಹಾದು, ಅರಬೈಲು ಘಟ್ಟವಿಳಿದು ಅಂಕೋಲೆಯ ಬೇಲೇಕೇರಿ ಬಂದರಿಗೆ ಲಾರಿಗಳ ಸಾಲು ಹಗಲಿರುಳು ಸಾಗಿತು. ರಸ್ತೆ ಬದಿಯ ಮರಗಳ ಎಲೆ ಕೆಂಪಾದುದನ್ನೂ ರಸ್ತೆಗಳು ಕಿತ್ತುಹೋದುದನ್ನೂ ಘಟ್ಟದ ಊರುಗಳು ಕಣ್ಣಾರೆ ಕಂಡಿವೆ. ಆದರೆ ಕಣ್ಣಿಗೆ ಕಂಡದ್ದು ಸರ್ಕಾರದ ಕಡತದಲ್ಲಿ ಸಾಕ್ಷ್ಯವೆನಿಸಿರಲಿಲ್ಲ. ಅದನ್ನು ಸಾಕ್ಷ್ಯವಾಗಿ ಮಾಡಿಕೊಟ್ಟದ್ದು ಈ ತನಿಖೆ.

ತನಿಖೆಯ ವಿಧಾನವೇ ಇಲ್ಲಿ ಮುಖ್ಯವಾದುದು. 2007ರ ಮಾರ್ಚ್‌ನಲ್ಲಿ ಸರ್ಕಾರವೇ ವಿಷಯವನ್ನು ಲೋಕಾಯುಕ್ತಕ್ಕೆ ಒಪ್ಪಿಸಿತ್ತು. ಮೊದಲ ವರದಿ 2008ರ ಡಿಸೆಂಬರ್‌ನಲ್ಲಿ ಬಂದಿತು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ನೆಲದ ಮೇಲಿನ ಪರಿಶೀಲನೆಯ ಜೊತೆಗೆ ಕಡತಗಳ ಪರಿಶೀಲನೆಯನ್ನೂ ಕೈಗೊಂಡಿತು. ಅವರು ಸಂಗ್ರಹಿಸಿದ ಕಾಗದಗಳಲ್ಲಿ ಬಹುಪಾಲು ಯಾವ ಗುಪ್ತ ಪತ್ರಗಳೂ ಅಲ್ಲ. ಗಣಿ ಇಲಾಖೆಯ ಖನಿಜ ಸಾಗಣೆ ಪರವಾನಗಿ, ಅರಣ್ಯ ಇಲಾಖೆಯ ಸಾಗಣೆ ಪರವಾನಗಿ, ಲಾರಿಗಳ ಟ್ರಿಪ್ ಶೀಟು, ತೂಕದ ಚೀಟಿ, ರೈಲ್ವೆಯ ಲೆಕ್ಕ, ಬಂದರಿನ ಆವಕ ಜಾವಕ ಪುಸ್ತಕ, ಹಡಗಿಗೆ ತುಂಬಿದ ಸರಕಿನ ವಿವರ, ಬ್ಯಾಂಕಿನ ಖಾತೆ, ಗುತ್ತಿಗೆಯ ನಕ್ಷೆ ಇವೆಲ್ಲ ದಿನನಿತ್ಯದ ಕಚೇರಿ ವ್ಯವಹಾರದಲ್ಲಿ ಹುಟ್ಟುವ ಸಾಮಾನ್ಯ ಕಾಗದಗಳು. ಇವುಗಳೊಂದಿಗೆ ಗಣಿ ವ್ಯವಹಾರಸ್ಥರ ಗಣಕಯಂತ್ರಗಳಲ್ಲಿ ದೊರೆತ ಮಾಹಿತಿಯೂ ಸೇರಿತು.

ಒಂದು ಇಲಾಖೆಯ ಕಾಗದವನ್ನು ಮಾತ್ರ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪರವಾನಗಿ ಇದೆ, ಸಹಿ ಇದೆ, ಮೊಹರು ಇದೆ. ಆದರೆ ಪರವಾನಗಿಯ ಒಟ್ಟು ತೂಕವನ್ನು ಬಂದರಿನಿಂದ ಹೊರಟ ಅದಿರಿನ ತೂಕದ ಪಕ್ಕದಲ್ಲಿಟ್ಟಾಗ ಲೆಕ್ಕ ತಪ್ಪುತ್ತದೆ. ಹೊರಟದ್ದು ಹೆಚ್ಚು, ಪರವಾನಗಿ ಕಡಿಮೆ ಎಂದಾದರೆ ಉಳಿದ ಅದಿರು ಎಲ್ಲಿಂದ ಬಂದಿತು ಎಂಬ ಪ್ರಶ್ನೆಗೆ ಯಾರಾದರೂ ಉತ್ತರಿಸಲೇಬೇಕಾಗುತ್ತದೆ. ಇಂತಹ ಹೋಲಿಕೆಯಿಂದಲೇ 2006ರಿಂದ 2010ರ ಅವಧಿಯಲ್ಲಿ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಗಿದೆ ಎಂಬ ಲೆಕ್ಕಕ್ಕೆ ವರದಿ ಬಂದಿತು. ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು ಅದು ಅಂದಾಜಿಸಿತು. ಒಂದು ಕಚೇರಿಯನ್ನು ಒಲಿಸಿಕೊಳ್ಳುವುದು ಸುಲಭ. ಐದು ಕಚೇರಿಗಳ ಪುಸ್ತಕಗಳನ್ನು ಒಂದೇ ಸುಳ್ಳಿಗೆ ಹೊಂದಿಸುವುದು ಕಷ್ಟ. ಅಕ್ರಮ ಸಿಕ್ಕಿಬಿದ್ದುದು ಈ ಕಷ್ಟದಲ್ಲಿ.

ಬೇಲೇಕೇರಿಯ ಪ್ರಕರಣ ಇದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನ. 2010ರ ಮಾರ್ಚ್‌ನಲ್ಲಿ ಅಲ್ಲಿ ಸುಮಾರು 8 ಲಕ್ಷ ಟನ್ ಅದಿರನ್ನು ಅರಣ್ಯ ಇಲಾಖೆ ವಶಪಡಿಸಿಕೊಂಡಿತು. ಕೆಲವೇ ತಿಂಗಳಲ್ಲಿ ಅದರ ಬಹುಪಾಲು ಬಂದರಿನಿಂದಲೇ ಕಾಣೆಯಾಯಿತು. ಜಪ್ತಿ ಮಾಡಿದ ಅರಣ್ಯಾಧಿಕಾರಿಯನ್ನು ಅಮಾನತುಗೊಳಿಸುವ ಮಾತು ಬಂದಾಗ, ಅದೇ ವರ್ಷದ ಜೂನ್‌ನಲ್ಲಿ ಲೋಕಾಯುಕ್ತರು ರಾಜೀನಾಮೆ ನೀಡಿ, ಜುಲೈನಲ್ಲಿ ಹಿಂದಕ್ಕೆ ಪಡೆದರು. ಕಣ್ಣೆದುರಿನ ಅದಿರಿನ ಗುಡ್ಡವನ್ನು ಸಾಗಿಸಿಬಿಡಬಹುದು. ಜಪ್ತಿಯ ಮಹಜರನ್ನು ಸಾಗಿಸಲಾಗದು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಹಾಲಿ ಶಾಸಕರೊಬ್ಬರೂ ಸೇರಿದಂತೆ ಹಲವರನ್ನು ಈ ಪ್ರಕರಣಗಳಲ್ಲಿ ತಪ್ಪಿತಸ್ಥರೆಂದು ತೀರ್ಮಾನಿಸಿತು. ಮರುತಿಂಗಳು ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಹದಿನಾಲ್ಕು ವರ್ಷಗಳ ಅನಂತರವೂ ಪ್ರಕರಣ ನ್ಯಾಯಾಲಯದಲ್ಲಿ ಜೀವಂತವಾಗಿ ಉಳಿದದ್ದು ಕಾಗದದ ಬಲದಿಂದ.

ದಾಖಲೆಗಳ ಶಕ್ತಿಯನ್ನು ಹೊಗಳುವಾಗ ಅದರ ಮಿತಿಯನ್ನೂ ಹೇಳಬೇಕು. ತನಿಖಾ ವರದಿ ನ್ಯಾಯಾಲಯದ ತೀರ್ಪಲ್ಲ. ವರದಿಯ ಆಧಾರದಲ್ಲಿ ಯಡಿಯೂರಪ್ಪನವರ ವಿರುದ್ಧ ದಾಖಲಾಗಿದ್ದ ಪ್ರಕರಣವನ್ನು ಹೈಕೋರ್ಟು 2012ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ಸುಪ್ರೀಂ ಕೋರ್ಟಿನ ಆದೇಶದಂತೆ ಸಿಬಿಐ ನಡೆಸಿದ ಮೊಕದ್ದಮೆಯಲ್ಲಿಯೂ 2016ರ ಅಕ್ಟೋಬರ್‌ನಲ್ಲಿ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು. ವರದಿಯಲ್ಲಿ ಹೆಸರು ಬಂದವರೆಲ್ಲ ಅಪರಾಧಿಗಳೆಂದು ಭಾಷಣ ಮಾಡುವುದು ಚಳವಳಿಗೆ ಶೋಭೆಯಲ್ಲ, ಲಾಭವೂ ಇಲ್ಲ. ವ್ಯಕ್ತಿಯ ಮೇಲಿನ ಆರೋಪ ಬಿದ್ದುಹೋದ ಮಾತ್ರಕ್ಕೆ ತೂಕದ ಲೆಕ್ಕ ಸರಿಯಾಗುವುದೂ ಇಲ್ಲ. ಇವೆರಡನ್ನೂ ಬೇರೆಬೇರೆಯಾಗಿ ನೋಡುವ ವಿವೇಕ ಬೇಕು.

ಗುಡ್ಡಗಳಿಗೆ ನಿಜವಾಗಿ ಪ್ರಯೋಜನವಾದುದು ಈ ಎರಡನೆಯ ದಾರಿಯಲ್ಲಿ. ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸಲ್ಲಿಸಿದ್ದ ಅರ್ಜಿಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟು 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರುಗಳಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಗುತ್ತಿಗೆಯ ನಕ್ಷೆಯನ್ನು ನೆಲದ ಮೇಲಿನ ಗುಂಡಿಯೊಂದಿಗೆ ಹೋಲಿಸುವ ಜಂಟಿ ಸರ್ವೆ ನಡೆಯಿತು. 166 ಗಣಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಗಡಿ ಮೀರಿದ ಪ್ರಮಾಣ ಹೆಚ್ಚಾಗಿದ್ದ, ಅರಣ್ಯ ಕಾನೂನನ್ನು ಎದ್ದು ಕಾಣುವಂತೆ ಉಲ್ಲಂಘಿಸಿದ್ದ ಸಿ ವರ್ಗದ 49 ಗುತ್ತಿಗೆಗಳನ್ನು 2013ರ ಏಪ್ರಿಲ್ 18ರ ತೀರ್ಪು ರದ್ದುಗೊಳಿಸಿತು. ವರ್ಷಕ್ಕೆ ಇಷ್ಟೇ ಅದಿರು ತೆಗೆಯಬೇಕೆಂಬ ಮಿತಿ ಬಂದಿತು. ನಕ್ಷೆ ಮತ್ತು ನೆಲಗಳ ಹೋಲಿಕೆ ಇಷ್ಟು ಕೆಲಸ ಮಾಡಿತು.

ಹೀಗಿರುವಾಗ, ಇಂತಹ ದಾಖಲೆಗಳು ಜನರ ಕೈಗೆ ತಲುಪುವ ರೀತಿ ಮಾತ್ರ ತೀರ ಅಸಮರ್ಪಕ. ವರದಿ ಬಹಿರಂಗವಾಯಿತು ನಿಜ. ಆದರೆ ಅದರ ಭಾಷೆ ಇಂಗ್ಲಿಷು. ಲಾರಿಯ ಧೂಳು ಕುಡಿದ ಸಂಡೂರಿನ ರೈತನಾಗಲಿ, ಅರಬೈಲಿನ ಕೃಷಿಕನಾಗಲಿ ತನ್ನ ಊರಿನ ವಿಷಯ ಅದರಲ್ಲಿ ಏನಿದೆಯೆಂದು ಸುಲಭವಾಗಿ ಓದುವಂತಿಲ್ಲ. ಸಾವಿರಾರು ಪುಟಗಳನ್ನು ಒಮ್ಮೆಗೇ ಸುರಿದರೆ ಅದೂ ಒಂದು ಬಗೆಯ ಮುಚ್ಚಿಡುವಿಕೆಯೇ. ಮಾಹಿತಿ ಹಕ್ಕು ಕಾಯಿದೆ 2005ರ 4ನೇ ಕಲಮು, ಯಾರೂ ಕೇಳದೆಯೇ ಮಾಹಿತಿ ಪ್ರಕಟಿಸುವ ಹೊಣೆಯನ್ನು ಸರ್ಕಾರಿ ಸಂಸ್ಥೆಗಳ ಮೇಲೆ ಹೊರಿಸಿದೆ. ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದೂ ಹೇಳಿದೆ. ಈ ಕಲಮು ಪಾಲನೆಯಾಗಿದ್ದರೆ ತಾಲ್ಲೂಕುವಾರು ಕನ್ನಡ ಸಾರಾಂಶವಾದರೂ ಗ್ರಾಮ ಪಂಚಾಯಿತಿಗಳಲ್ಲಿ ಇರಬೇಕಾಗಿತ್ತು.

ಪಶ್ಚಿಮಘಟ್ಟದ ಅನುಭವವೂ ಇದೇ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ತಜ್ಞರ ಸಮಿತಿ 2011ರ ಆಗಸ್ಟ್ 31ರಂದು ವರದಿ ಸಲ್ಲಿಸಿತು. ಕೇಂದ್ರ ಪರಿಸರ ಸಚಿವಾಲಯ ಅದನ್ನು ಬಿಡುಗಡೆ ಮಾಡಲೊಪ್ಪಲಿಲ್ಲ. ಕೇಂದ್ರ ಮಾಹಿತಿ ಆಯೋಗದ ಆದೇಶ ಬಂದು, ದೆಹಲಿ ಹೈಕೋರ್ಟಿನಲ್ಲಿ ಸಚಿವಾಲಯದ ವಾದ ಬಿದ್ದ ಬಳಿಕ 2012ರ ಮೇ ತಿಂಗಳಲ್ಲಷ್ಟೇ ವರದಿ ಹೊರಬಂದಿತು. ಅಷ್ಟರೊಳಗೆ ವರದಿಯನ್ನು ಓದದೆಯೇ ಅದರ ಬಗ್ಗೆ ಭೀತಿ ಹಬ್ಬಿಸುವವರಿಗೆ ಬೇಕಾದಷ್ಟು ಸಮಯ ದೊರೆತಿತ್ತು. ಗ್ರಾಮಸಭೆಗಳಲ್ಲಿ ಚರ್ಚೆಯಾಗಬೇಕೆಂದು ಬರೆದ ವರದಿಯನ್ನು ಗ್ರಾಮಸಭೆಗಳು ಓದಲಾಗದಂತಾದುದು ವಿಪರ್ಯಾಸ.

ತನಿಖೆ ನಡೆಯುವಾಗ ಎಲ್ಲವನ್ನೂ ಬಯಲಿಗಿಟ್ಟರೆ ಸಾಕ್ಷ್ಯನಾಶವಾಗಬಹುದು, ಸಂಬಂಧವಿಲ್ಲದವರ ಖಾಸಗಿ ವಿವರ ಹೊರಬೀಳಬಹುದು ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಬ್ಯಾಂಕಿನ ಖಾತೆ, ದೂರವಾಣಿಯ ವಿವರಗಳಿಗೆ ಆ ರಕ್ಷಣೆ ಸಲ್ಲಬೇಕು. ಆದರೆ ಗುತ್ತಿಗೆಯ ಗಡಿ, ಪರವಾನಗಿಯ ಸಂಖ್ಯೆ, ಲಾರಿಯ ತೂಕ, ಕಡಿದ ಮರಗಳ ಪಟ್ಟಿ ಯಾರ ಖಾಸಗಿ ಸ್ವತ್ತೂ ಅಲ್ಲ. ಅವು ಸಾರ್ವಜನಿಕ ಸಂಪತ್ತಿನ ಲೆಕ್ಕ. ಅವನ್ನು ತನಿಖೆಯವರೆಗೂ ಬಚ್ಚಿಡುವುದರಿಂದಲೇ ತನಿಖೆಯ ಅಗತ್ಯ ಹುಟ್ಟುತ್ತದೆ.

ದೊಡ್ಡ ತನಿಖೆಗಾಗಿ ಕಾದು ಕೂರುವ ಕಾಲವೂ ಇದಲ್ಲ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳವನ್ನು ಸ್ಥಾಪಿಸಿ ಲೋಕಾಯುಕ್ತದ ತನಿಖಾಧಿಕಾರವನ್ನು ಮೊಟಕುಗೊಳಿಸಲಾಗಿತ್ತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಆ ದಳವನ್ನು ರದ್ದುಗೊಳಿಸಬೇಕಾಯಿತು. ಸಂಸ್ಥೆಗಳನ್ನು ದುರ್ಬಲಗೊಳಿಸಲು ಒಂದು ಆದೇಶ ಸಾಕು. ಆದುದರಿಂದ ದಾಖಲೆ ಹೋಲಿಸುವ ವಿದ್ಯೆ ಊರಿನಲ್ಲಿಯೇ ಬೆಳೆಯಬೇಕು.

ಊರಿನ ಪಕ್ಕದಲ್ಲಿ ಕಲ್ಲುಕ್ವಾರಿಯೋ ಮರಳು ಗುತ್ತಿಗೆಯೋ ಬಂದರೆ ಮೊದಲು ಕೇಳಬೇಕಾದುದು ಗುತ್ತಿಗೆಯ ನಕ್ಷೆ. ಪರಿಸರ ಅನುಮತಿ ಪಡೆದವರು ಷರತ್ತುಗಳ ಪಾಲನೆಯ ವರದಿಯನ್ನು ಆರು ತಿಂಗಳಿಗೊಮ್ಮೆ ಸಲ್ಲಿಸಬೇಕು. 2006ರ ಅಧಿಸೂಚನೆಯಂತೆ ಅದು ಸಾರ್ವಜನಿಕ ದಾಖಲೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು. ಈ ಕಾಗದಗಳನ್ನು ಊರಿನವರದೇ ಲೆಕ್ಕದ ಪಕ್ಕದಲ್ಲಿಡಬೇಕು. ದಿನಕ್ಕೆ ಎಷ್ಟು ಲಾರಿ ಹೋದವು, ಯಾವ ತಿಂಗಳಲ್ಲಿ ಒರತೆ ಬತ್ತಿತು, ಗುಂಡಿ ಯಾವ ಗಡಿಕಲ್ಲನ್ನು ದಾಟಿತು ಎಂಬುದನ್ನು ದಿನಾಂಕ ಸಹಿತ ಬರೆದಿಟ್ಟ ಶಾಲೆಯ ನೋಟುಪುಸ್ತಕವೂ ಒಂದು ದಾಖಲೆ. ಕಾಲೇಜಿನ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಮಾಡಬಹುದಾದ ಕೆಲಸವಿದು. ಹಿರಿಯರ ನೆನಪು ಅವರಿಗೆ ನೆರವಾದೀತು.

ಸರ್ಕಾರವಂತೂ ಗಣಿ ವರದಿಯ ಅನುಬಂಧಗಳನ್ನು ತಾಲ್ಲೂಕುವಾರು ವಿಂಗಡಿಸಿ, ಕನ್ನಡದ ಸಾರಾಂಶದೊಂದಿಗೆ ಗ್ರಂಥಾಲಯಗಳಿಗೆ ತಲುಪಿಸಬೇಕು. ಕಡತದ ಕೋಣೆಯಲ್ಲಿ ಕೊಳೆಯುವ ಕಾಗದ ಮುಂದಿನ ಅಕ್ರಮಕ್ಕೆ ಗೊಬ್ಬರವಾಗುತ್ತದೆ. ಹೋದ ಗುಡ್ಡ ಮರಳಿ ಬಾರದು. ಉಳಿದಿರುವ ಗುಡ್ಡಗಳ ಲೆಕ್ಕವಾದರೂ ಅವುಗಳ ಮಡಿಲಲ್ಲಿ ಬದುಕುವವರ ಕೈಯಲ್ಲಿರಬೇಕು.