'ಅಮ್ಮನಂತಿದ್ದರು' ಅಂದರೆ ಸಾಲದು, ಪಿಎಫ್ ಎಲ್ಲಿದೆ ಹೇಳಿ

ಕಾಲೇಜಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರು ತೀರಿಕೊಂಡರೆ ಮಧ್ಯಾಹ್ನದೊಳಗೆ ಎಲ್ಲರ ಸ್ಟೇಟಸ್‌ನಲ್ಲೂ ಒಂದೇ ಮಾತು: 'ನಮಗೆಲ್ಲ ಅಮ್ಮನಂತಿದ್ದರು'. ಫೋಟೊ, ದೀಪ, ಓಂ ಶಾಂತಿ. ಸಂಜೆಗೆ ಗೇಟಿನ ಹತ್ತಿರ ಫ್ಲೆಕ್ಸ್. ಮರುದಿನ ಎರಡು ನಿಮಿಷ ಮೌನ. ಅಲ್ಲಿಗೆ ಕಾಲೇಜಿನ ಲೆಕ್ಕ ಮುಗಿಯಿತು.

ಆ ದುಃಖ ಸುಳ್ಳು ಅಂತ ನಾವು ಹೇಳುತ್ತಿಲ್ಲ. ಅತ್ತವರು ನಿಜವಾಗಿಯೇ ಅತ್ತಿದ್ದಾರೆ. ನಮ್ಮ ತಕರಾರು ಇರುವುದು 'ಅಮ್ಮ' ಅನ್ನುವ ಆ ಮಾತಿನ ಮೇಲೆ. ಅಮ್ಮನಿಗೆ ಯಾರೂ ಸಂಬಳ ಕೊಡುವುದಿಲ್ಲ, ರಜೆ ಕೊಡುವುದಿಲ್ಲ, ಗ್ರಾಚ್ಯುಟಿ ಕೊಡುವುದಿಲ್ಲ. ಒಬ್ಬ ನೌಕರಳನ್ನು ಅಮ್ಮ ಮಾಡಿಬಿಟ್ಟರೆ ಆಡಳಿತ ಮಂಡಳಿಗೆ ಬಹಳ ಸಲೀಸು.

ಈಚೆಗೆ ನಾವು ಹೋಗಿದ್ದ ಸಾವಿನ ಮನೆ ಮುದ್ದೇನಹಳ್ಳಿಯಿಂದ ದೂರವೇನಲ್ಲ. ಅಕ್ಕನ ಹೆಸರು, ಕಾಲೇಜಿನ ಹೆಸರು ಇಲ್ಲಿ ಹಾಕುವುದಿಲ್ಲ, ಮಗಳು ಬೇಡ ಅಂದಿದ್ದಾಳೆ. ಅಕ್ಕ ಅಲ್ಲಿ ಅಟೆಂಡರ್. ಬೀಗ ತೆಗೆಯುವುದು, ಗುಡಿಸುವುದು, ಬೆಲ್ ಹೊಡೆಯುವುದು, ಸ್ಟಾಫ್ ರೂಮಿಗೆ ಟೀ ಕೊಡುವುದು, ಇದಕ್ಕೆ ಸಂಬಳ. ಸಂಬಳವಿಲ್ಲದ ಕೆಲಸ ಬೇರೆ ಇತ್ತು. ಸಂಜೆ ಬಸ್ ತಪ್ಪಿದ ಹುಡುಗಿಯರ ಜೊತೆ ಮುಂದಿನ ಬಸ್ ಬರುವವರೆಗೆ ಸ್ಟಾಪಿನಲ್ಲಿ ಕೂತಿರುತ್ತಿದ್ದರು. ಹಸಿದು ಬಂದವರಿಗೆ ತಮ್ಮ ಡಬ್ಬಿಯ ಮುದ್ದೆಯಲ್ಲೇ ಮುರಿದು ಕೊಡುತ್ತಿದ್ದರು. ಮನೆಯಲ್ಲಿ ಮದುವೆ ಮಾತು ಎತ್ತಿದ್ದಾರೆ ಅಂತ ಒಬ್ಬ ಹುಡುಗಿ ಅತ್ತಾಗ ಅವಳ ಅಪ್ಪನಿಗೆ ಫೋನ್ ಮಾಡಿ, 'ಡಿಗ್ರಿ ಮುಗೀಲಿ ಅಣ್ಣಯ್ಯ, ಆಮೇಲೆ ನಾನೇ ಬಂದು ಚಪ್ಪರ ಹಾಕ್ತೀನಿ' ಅಂದವರು. ಆ ಹುಡುಗಿ ಈಗ ಬ್ಯಾಂಕಿನಲ್ಲಿದ್ದಾಳೆ. ಮಣ್ಣಿಗೆ ಬಂದಿದ್ದಳು.

ಹಳೇ ವಿದ್ಯಾರ್ಥಿಗಳು ಫೋನ್‌ಪೇಯಲ್ಲಿ ಚಂದಾ ಎತ್ತಿದರು. ಒಳ್ಳೆಯದೇ. ಆದರೆ ಮಗಳು ನಮ್ಮನ್ನು ಕೇಳಿದ್ದು ಚಂದಾ ಅಲ್ಲ. 'ಅಣ್ಣ, ಅಮ್ಮನ ಸಂಬಳದಲ್ಲಿ ಪಿಎಫ್ ಅಂತ ಹಿಡೀತಿದ್ರು. ಅದು ಎಲ್ಲಿದೆ?' ಕಾಲೇಜಿನಲ್ಲಿ ಕೇಳಿದರೆ 'ಅವರು ನಮ್ಮವರಲ್ಲಮ್ಮ, ಏಜೆನ್ಸಿಯವರು' ಅಂದರಂತೆ. ಫ್ಲೆಕ್ಸ್‌ನಲ್ಲಿ 'ನಮ್ಮ ಕುಟುಂಬದ ಸದಸ್ಯೆ', ಆಫೀಸಿನಲ್ಲಿ 'ನಮ್ಮವರಲ್ಲ'. ಇದು ಒಂದೇ ವಾರದಲ್ಲಿ.

ನೆನಪು ಉಳಿಸಿಕೊಳ್ಳುವುದು ನಮ್ಮ ಕಡೆಯವರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಮುದ್ದೇನಹಳ್ಳಿಗೆ ಹೋಗಿ ನೋಡಿ. ಸರ್ ಎಂ. ವಿಶ್ವೇಶ್ವರಯ್ಯನವರ ಮನೆ ಮ್ಯೂಸಿಯಂ ಆಗಿದೆ. ಅವರು ಬಳಸಿದ ಸಾಮಾನು, ಬಿರುದುಗಳು, 1955ರಲ್ಲಿ ಬಂದ ಭಾರತರತ್ನ, ಎಲ್ಲವನ್ನೂ ಜೋಪಾನ ಮಾಡಿದ್ದೇವೆ. ಸೆಪ್ಟೆಂಬರ್ 15 ಬಂದರೆ ಸಮಾಧಿಗೆ ಹೂವು. ಆಗಬೇಕಾದದ್ದೇ. ಆದರೆ ಅದೇ ಸೀಮೆಯ ಕಾಲೇಜಿನಲ್ಲಿ ವರ್ಷಗಟ್ಟಲೆ ಗುಡಿಸಿದ ಅಕ್ಕನ ಹಾಜರಾತಿ ಪುಸ್ತಕ ಎಲ್ಲಿ ಅಂದರೆ ಯಾರಿಗೂ ಗೊತ್ತಿಲ್ಲ. ಅಕ್ಕನಂಥವರ ಮ್ಯೂಸಿಯಂ ಆ ಪುಸ್ತಕವೇ. ಅದು ಕಳೆದರೆ ಅವರು ಅಲ್ಲಿ ಕೆಲಸ ಮಾಡಿದ್ದರು ಅನ್ನುವುದಕ್ಕೆ ಸ್ಟೇಟಸ್ ಬಿಟ್ಟು ಬೇರೆ ಸಾಕ್ಷಿ ಇಲ್ಲ, ಅದೂ 24 ಗಂಟೆಗೆ ಅಳಿಸಿಹೋಗುತ್ತದೆ.

ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುತ್ತಿದ್ದ ವಿಜಯಾ ದಬ್ಬೆಯವರ ವಿಷಯ ನೋಡಿ. ಬೇಲೂರು ತಾಲ್ಲೂಕಿನ ದಬ್ಬೆಯವರು. 1999ರಲ್ಲಿ ಅಪಘಾತವಾಗಿ ನೆನಪಿನ ಶಕ್ತಿಗೇ ಪೆಟ್ಟು ಬಿತ್ತು. 2018ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಷ್ಟು ವರ್ಷ ಕ್ಲಾಸಿನಿಂದ ದೂರ ಇದ್ದರೂ ಶಿಷ್ಯರು ಅವರನ್ನು ಬಿಡಲಿಲ್ಲ, ಇವತ್ತಿಗೂ ಬರೆಯುತ್ತಾರೆ. ಅವರ ಪುಸ್ತಕಗಳಿವೆ, ಕಟ್ಟಿದ ಸಮತಾ ಅಧ್ಯಯನ ಕೇಂದ್ರದ ಹೆಸರಿದೆ. ಆರೋಗ್ಯವಾಗಿದ್ದಾಗ ಅವರು ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು, ಕನ್ನಡ ಮರೆತುಬಿಟ್ಟಿದ್ದ ನಂಜನಗೂಡು ತಿರುಮಲಾಂಬಾರಂಥ ಬರಹಗಾರ್ತಿಯ ಕಡೆ ಮತ್ತೆ ಕಣ್ಣು ತಿರುಗಿಸಿದ್ದು. ಹೆಂಗಸರು ಪಟ್ಟಿಯಿಂದ ಹೇಗೆ ಬಿಟ್ಟುಹೋಗುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು. ಪ್ರೊಫೆಸರ್‌ಗೆ ಪುಸ್ತಕ ಇರುತ್ತದೆ, ಸರ್ವಿಸ್ ರಿಜಿಸ್ಟರ್ ಇರುತ್ತದೆ. ಬೆಲ್ ಹೊಡೆದವಳಿಗೆ ಎರಡೂ ಇಲ್ಲ.

ನಮ್ಮ ಪತ್ರಿಕೆಗಳೂ ಏನು ಕಮ್ಮಿಯಿಲ್ಲ. ನಿವೃತ್ತ ಪ್ರಾಂಶುಪಾಲರು ಹೋದರೆ ನಿಧನ ವಾರ್ತೆಯಲ್ಲಿ ಫೋಟೊ ಸಮೇತ ಜಾಗ. ಅಟೆಂಡರ್ ಸುದ್ದಿ ಕಳಿಸಿದರೆ ಡೆಸ್ಕಿನವರು 'ಜಾಗ ಇಲ್ಲ' ಅನ್ನುತ್ತಾರೆ. (ಸುದ್ದಿಗಿಷ್ಟು ಅಂತ ಬರೆಯುವ ನಮಗೂ ಪಿಎಫ್ ಇಲ್ಲ. ಅದು ಬೇರೆ ದಿನದ ಜಗಳ.)

ಈಗ 'ಏಜೆನ್ಸಿಯವರು' ಅನ್ನುವ ನೆಪಕ್ಕೆ ಬರೋಣ. ಗುತ್ತಿಗೆದಾರ ಪಿಎಫ್ ಕಟ್ಟದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಹೊಣೆ, ಕಾನೂನು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಗ್ರಾಚ್ಯುಟಿಗೆ ಐದು ವರ್ಷ ಆಗಿರಬೇಕು ಅನ್ನುವ ಮಾತು ಎಲ್ಲರಿಗೂ ಗೊತ್ತು. ಕೆಲಸದಲ್ಲಿದ್ದಾಗಲೇ ಸತ್ತರೆ ಆ ಐದು ವರ್ಷದ ಷರತ್ತು ಇಲ್ಲ ಅನ್ನುವುದು ಎಷ್ಟು ಜನಕ್ಕೆ ಗೊತ್ತು? 1972ರ ಕಾಯ್ದೆಯಲ್ಲೂ ಇದಿತ್ತು, ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಲೆಕ್ಕ ಸುಲಭ. ತಿಂಗಳಿಗೆ 13,000 ಸಂಬಳ ಅಂದುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 500. ವರ್ಷಕ್ಕೆ 15 ದಿನದಂತೆ 7,500. ಹನ್ನೆರಡು ವರ್ಷ ದುಡಿದಿದ್ದರೆ 90,000 ರೂಪಾಯಿ. ಅದು ದಾನವಲ್ಲ, ಬಾಕಿ.

ಇನ್ನೂ ಇದೆ. ಪಿಎಫ್ ಸದಸ್ಯೆ ಕೆಲಸದಲ್ಲಿರುವಾಗ ತೀರಿಕೊಂಡರೆ ಇಡಿಎಲ್‌ಐ ಅನ್ನುವ ವಿಮೆಯಿಂದ ಗರಿಷ್ಠ 7 ಲಕ್ಷದವರೆಗೆ ಮನೆಯವರಿಗೆ ಸಿಗಬಹುದು. ಇದಕ್ಕೆ ನೌಕರರ ಸಂಬಳದಿಂದ ಒಂದು ಪೈಸೆಯೂ ಹಿಡಿಯುವುದಿಲ್ಲ, ಮಾಲೀಕರೇ ಕಟ್ಟಬೇಕು. ಗಂಡನಿಗೋ 25 ವರ್ಷದೊಳಗಿನ ಮಕ್ಕಳಿಗೋ ಪಿಂಚಣಿಯೂ ಇದೆ. ಚಂದಾ ಎತ್ತುವ ಮುಂಚೆ ಇದನ್ನು ಕೇಳಬೇಕಿತ್ತು. ಫ್ಲೆಕ್ಸ್ ಕಟ್ಟಿದವರಲ್ಲಿ ಒಬ್ಬರೂ ಕೇಳಲಿಲ್ಲ.

ಸರ್ಕಾರಿ ಕಡೆಯವರ ಹತ್ತಿರ ಇನ್ನೊಂದು ಗುರಾಣಿ ಇದೆ: ಉಮಾದೇವಿ ತೀರ್ಪು. ನಮ್ಮ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರ ಪ್ರಕರಣ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ಹಂಗಾಮಿಯವರಿಗೆ ಕಾಯಂ ಆಗುವ ಹಕ್ಕಿಲ್ಲ ಅಂದಿತು. ಅಂದಿನಿಂದ ಯಾರು ಏನು ಕೇಳಿದರೂ ಆ ತೀರ್ಪನ್ನೇ ಮುಂದೆ ಹಿಡಿಯುತ್ತಾರೆ. ಆದರೆ ಹತ್ತು ವರ್ಷ ದಾಟಿದವರನ್ನು ಒಂದು ಸಲ ಪರಿಗಣಿಸಿ ಅಂತಲೂ ಅದೇ ತೀರ್ಪು ಹೇಳಿತ್ತು, ಆ ಪುಟವನ್ನು ಯಾರೂ ತಿರುಗಿಸುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗದಲ್ಲಿ ಗುಡಿಸುತ್ತಿದ್ದ ಹೆಂಗಸರ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ, ಉಮಾದೇವಿ ತೀರ್ಪನ್ನು ದುಡಿದವರ ವಿರುದ್ಧ ಆಯುಧ ಮಾಡಿಕೊಳ್ಳಬೇಡಿ ಅಂತ ತರಾಟೆಗೆ ತೆಗೆದುಕೊಂಡು ಅವರನ್ನು ಕಾಯಂ ಮಾಡಲು ಹೇಳಿತು. ಜಗ್ಗೋ ಪ್ರಕರಣ ಅಂತ ಹೆಸರು. ಪೊರಕೆ ಹಿಡಿದವರ ಹೆಸರೂ ತೀರ್ಪಿನ ಮೇಲೆ ಬರಬಹುದು, ನೋಡಿ.

2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ಬೀದಿಯಲ್ಲಿ ಕೂತ ಮೇಲೆ ಗೌರವಧನ ಹೆಚ್ಚಿತು, ಆರೋಗ್ಯ ವಿಮೆ ಮತ್ತು 60 ತುಂಬಿದಾಗ ಇಡಿಗಂಟು ಘೋಷಣೆಯಾಯಿತು. ಆ ಹೊತ್ತಿಗೆ ಉನ್ನತ ಶಿಕ್ಷಣ ಸಚಿವರಾಗಿದ್ದವರು ನಮ್ಮ ಚಿಂತಾಮಣಿಯ ಡಾ. ಎಂ.ಸಿ. ಸುಧಾಕರ್. ಪಾಠ ಮಾಡುವವರಿಗೆ ಇಷ್ಟಾದರೂ ಆಯಿತು. ಅದೇ ಕಾಲೇಜುಗಳ ಕಸ ಗುಡಿಸುವ ಗುತ್ತಿಗೆ ಅಕ್ಕಂದಿರ ಮಾತು ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಜಿಲ್ಲೆಯ ಮಂತ್ರಿಯನ್ನು ನಮ್ಮ ಜಿಲ್ಲೆಯವರೇ ಕೇಳದಿದ್ದರೆ ಇನ್ಯಾರು ಕೇಳಬೇಕು?

ಅಕ್ಕನ ಮಗಳ ಜೊತೆ ನಾವು ಪಿಎಫ್ ಕಚೇರಿಗೆ ಅರ್ಜಿ ಹಾಕಿಸಿದ್ದೇವೆ, ಗ್ರಾಚ್ಯುಟಿಗೆ ಕಾರ್ಮಿಕ ಇಲಾಖೆಗೂ ಬರೆದಿದ್ದೇವೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇವೆ. ಅಷ್ಟರೊಳಗೆ ನೀವು ಒಂದು ಕೆಲಸ ಮಾಡಿ. ನಿಮ್ಮೂರಿನ ಕಾಲೇಜಿನಲ್ಲಿ ಇವತ್ತು ಗುಡಿಸುತ್ತಿರುವ ಅಕ್ಕನ ಹತ್ತಿರ ಹೋಗಿ ಯುಎಎನ್ ನಂಬರ್ ಗೊತ್ತಾ ಅಂತ ಕೇಳಿ. ಗೊತ್ತಿದ್ದರೆ ನಿಮ್ಮ ಮೊಬೈಲಿನಲ್ಲೇ ಪಾಸ್‌ಬುಕ್ ತೆಗೆದು ದುಡ್ಡು ಬಿದ್ದಿದೆಯಾ ನೋಡಿ, ನಾಮಿನಿ ಹೆಸರು ಖಾಲಿ ಇದ್ದರೆ ತುಂಬಿಸಿ. ಆಧಾರ್‌ಗೆ ಜೋಡಿಸಿದ ಅವರ ನಂಬರಿಗೆ ಓಟಿಪಿ ಬರುತ್ತದೆ, ಅವರ ಫೋನ್ ಪಕ್ಕದಲ್ಲಿರಲಿ. ನಂಬರೇ ಗೊತ್ತಿಲ್ಲ ಅಂದರೆ ಅವರನ್ನೂ ಕರೆದುಕೊಂಡು ಪ್ರಾಂಶುಪಾಲರ ರೂಮಿಗೆ ಹೋಗಿ.