ಗಂಟೆಗೆ 20 ನಿಮಿಷದ ಲೆಕ್ಕ

ಸೆಮಿಸ್ಟರ್ ಪರೀಕ್ಷೆ ಬಂತೆಂದರೆ ಕಾಲೇಜುಗಳ ಸೂಚನಾ ಫಲಕದಲ್ಲಿ ಒಂದು ಸಾಲು ಕಾಣಿಸಿಕೊಳ್ಳುತ್ತದೆ: ‘ವಿಕಲಚೇತನ ವಿದ್ಯಾರ್ಥಿಗಳಿಗೆ ಹೆಚ್ಚುವರಿ ಸಮಯ ನೀಡಲಾಗುವುದು’. ಓದಿದವರಿಗೆ ಇದೊಂದು ಉದಾರ ಮನಸ್ಸಿನ ಮಾತು ಅನ್ನಿಸುತ್ತದೆ. ಆದರೆ ಈ ‘ಹೆಚ್ಚುವರಿ’ ಎಂಬ ಪದವನ್ನೇ ಕೈಬಿಡಿ ಎಂದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 2018ರ ಆಗಸ್ಟ್ 29ರ ಮಾರ್ಗಸೂಚಿಯಲ್ಲಿ ಹೇಳಿತ್ತು. ಅದರ ಬದಲು ‘ಪರಿಹಾರ ಸಮಯ’ ಎನ್ನಬೇಕು. ಬರೆದುಕೊಡುವವರ ನೆರವು ಪಡೆಯುವ ಅಭ್ಯರ್ಥಿಗೆ ಅದು ಗಂಟೆಗೆ 20 ನಿಮಿಷಕ್ಕಿಂತ ಕಡಿಮೆ ಇರಬಾರದು. ಅಂದರೆ ಮೂರು ಗಂಟೆಯ ಪತ್ರಿಕೆಗೆ ಕನಿಷ್ಠ ಒಂದು ಗಂಟೆ.

ಪದ ಬದಲಾದರೆ ಏನು ಬಂತು ಎನ್ನಬಹುದು. ಹೆಚ್ಚುವರಿ ಎಂದರೆ ಎಲ್ಲರಿಗೂ ಸಿಕ್ಕಿದ್ದರ ಮೇಲೆ ಒಂದಿಷ್ಟು ಜಾಸ್ತಿ. ಪರಿಹಾರ ಎಂದರೆ ಕಳೆದುಹೋದದ್ದನ್ನು ಹಿಂತಿರುಗಿಸುವುದು. ಮೊದಲನೆಯದು ಕೊಡುವವರ ದೊಡ್ಡತನ, ಎರಡನೆಯದು ಪಡೆಯುವವರ ಹಕ್ಕು. ನಮ್ಮ ವಿಶ್ವವಿದ್ಯಾಲಯಗಳ ಪರೀಕ್ಷಾ ವಿಭಾಗಗಳು ಇನ್ನೂ ಬಹುಪಾಲು ಮೊದಲನೆಯ ಅರ್ಥದಲ್ಲೇ ಕೆಲಸ ಮಾಡುತ್ತಿವೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಕಳೆದುಹೋಗುವುದು ಏನು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಕಣ್ಣು ಕಾಣದ ವಿದ್ಯಾರ್ಥಿಯೊಬ್ಬ ಅಕೌಂಟೆನ್ಸಿ ಪರೀಕ್ಷೆಗೆ ಕೂತಿದ್ದಾನೆ. ಪಕ್ಕದಲ್ಲಿ ಸ್ಕ್ರೈಬ್, ಅಂದರೆ ಅವನು ಹೇಳಿದ್ದನ್ನು ಬರೆಯುವ ಹುಡುಗ. ನಾವು ಪ್ರಶ್ನೆಪತ್ರಿಕೆಯ ಮೇಲೆ ಒಮ್ಮೆ ಕಣ್ಣಾಡಿಸಿ ಯಾವುದು ಸುಲಭ, ಯಾವುದನ್ನು ಬಿಡಬಹುದು ಎಂದು ಅರ್ಧ ನಿಮಿಷದಲ್ಲಿ ತೀರ್ಮಾನಿಸುತ್ತೇವೆ. ಅವನು ಅಷ್ಟೂ ಪ್ರಶ್ನೆಗಳನ್ನು ಓದಿಸಿಕೊಂಡು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಉತ್ತರವನ್ನು ಬರೆಯುವವನ ಕೈ ಓಡುವ ವೇಗಕ್ಕೆ ತಕ್ಕಂತೆ ನಿಲ್ಲಿಸಿ ನಿಲ್ಲಿಸಿ ಹೇಳಬೇಕು. ವಿಷಯ ಓದಿರದ ಹುಡುಗನಿಗೆ ಪಾರಿಭಾಷಿಕ ಪದಗಳ ಸ್ಪೆಲ್ಲಿಂಗ್ ಬಿಡಿಸಿ ಹೇಳಬೇಕು. ಒಂದು ಅಂಕಿ ಎಡದ ಕಾಲಂ ಬಿಟ್ಟು ಬಲಕ್ಕೆ ಹೋಗಿ ಕೂತರೆ ಅದನ್ನು ಹುಡುಕಲು ಇಡೀ ಪುಟವನ್ನು ಮತ್ತೆ ಓದಿಸಬೇಕು. ಗಂಟೆಗೆ 20 ನಿಮಿಷ ಹೋಗುವುದು ಇಂಥ ಕೆಲಸಗಳಿಗೆ. ವಿಷಯದ ಬಗ್ಗೆ ಯೋಚಿಸಲು ಅವನಿಗೆ ಬೇರೆಯವರಿಗಿಂತ ಒಂದು ನಿಮಿಷವೂ ಜಾಸ್ತಿ ಸಿಕ್ಕಿರುವುದಿಲ್ಲ.

ಕಾನೂನಿನ ಮಟ್ಟದಲ್ಲಿ ನಾವು ಹಿಂದುಳಿದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, 1995ರ ಕಾಯ್ದೆಯಲ್ಲಿ ಏಳು ಇದ್ದ ಅಂಗವೈಕಲ್ಯದ ಬಗೆಗಳನ್ನು 21ಕ್ಕೆ ಏರಿಸಿತು. ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆಗಳು ಒಳಗೆ ಬಂದದ್ದು ಆಗ. ಪಠ್ಯಕ್ರಮ ಮತ್ತು ಪರೀಕ್ಷೆಯನ್ನು ಈ ವಿದ್ಯಾರ್ಥಿಗಳಿಗೆ ತಕ್ಕಂತೆ ಮಾರ್ಪಡಿಸಬೇಕು, ಸಮಯ ಕೊಡಬೇಕು, ಸ್ಕ್ರೈಬ್ ಒದಗಿಸಬೇಕು ಎಂದು ಅದರ 17ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ರಷ್ಟು ಸೀಟು ಮೀಸಲಿಡಬೇಕು ಎನ್ನುತ್ತದೆ 32ನೇ ಸೆಕ್ಷನ್. ಸೀಟು ಕೊಟ್ಟು ಒಳಗೆ ಕರೆದುಕೊಂಡ ಮೇಲೆ ಓದಿ ಪಾಸಾಗುವ ದಾರಿಯೂ ಇರಬೇಕಲ್ಲವೇ?

ಕಾಯ್ದೆಯ ಅಂಚಿನಲ್ಲಿ ಸಿಕ್ಕಿಬಿದ್ದವರಿಗೆ ನ್ಯಾಯಾಲಯ ದಾರಿ ಬಿಡಿಸಿಕೊಟ್ಟಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ‘ರೈಟರ್ಸ್ ಕ್ರ್ಯಾಂಪ್’ ಇದ್ದ ವಿಕಾಸ್ ಕುಮಾರ್ ಎಂಬ ವೈದ್ಯಕೀಯ ಪದವೀಧರರಿಗೆ ಯುಪಿಎಸ್‌ಸಿ ಸ್ಕ್ರೈಬ್ ನಿರಾಕರಿಸಿತ್ತು. ಶೇ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಇಲ್ಲ ಎಂಬುದು ಕಾರಣ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಶೇ 40ರ ಗೆರೆ ಮೀಸಲಾತಿಯಂಥ ಕೆಲವು ಸೌಲಭ್ಯಗಳಿಗೆ ಮಾತ್ರ. ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಪಡೆಯುವುದು ಅಂಗವೈಕಲ್ಯ ಇರುವ ಎಲ್ಲರ ಹಕ್ಕು ಎಂದಿತು. ಮೂರು ತಿಂಗಳಲ್ಲಿ ಮಾರ್ಗಸೂಚಿ ರೂಪಿಸಿ ಎಂದು ಸರ್ಕಾರಕ್ಕೆ ಸೂಚಿಸಿತು. ಮಾರ್ಗಸೂಚಿ ಬಂದದ್ದು 2022ರ ಆಗಸ್ಟ್‌ನಲ್ಲಿ. ಅದಾದ ಮೇಲೂ ಅಂಥದೇ ತೊಂದರೆ ಇರುವ ಇನ್ನೊಬ್ಬ ಅಭ್ಯರ್ಥಿ, ಗುಲ್ಶನ್ ಕುಮಾರ್, ಬ್ಯಾಂಕ್ ಪರೀಕ್ಷೆಗಾಗಿ ಅದೇ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2025ರ ಫೆಬ್ರುವರಿಯಲ್ಲಿ ಅದೇ ಮಾತನ್ನು ಕೋರ್ಟ್ ಮತ್ತೊಮ್ಮೆ ಹೇಳಬೇಕಾಯಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನೆನಪಾಗುವುದು ಇಲ್ಲಿ. ದೆಹಲಿಯಲ್ಲಿ ಸಿಕ್ಕ ಹಕ್ಕು ಕಾಲೇಜಿನ ಕಿಟಕಿಗೆ ಬರುವಷ್ಟರಲ್ಲಿ ಅರ್ಜಿಯಾಗಿ ಬಿಟ್ಟಿರುತ್ತದೆ. ಪುಣೆಯಲ್ಲಿ ನಮ್ಮ ಸೊಸೈಟಿಯಲ್ಲಿ ಉತ್ತರ ಕರ್ನಾಟಕದ ಕುಟುಂಬವೊಂದಿದೆ. ದೃಷ್ಟಿ ತೀರಾ ಮಂದವಾಗಿರುವ ಅವರ ಮಗಳು ಬಿ.ಕಾಂ. ಓದುತ್ತಿದ್ದಾಳೆ. ಪ್ರತಿ ಸೆಮಿಸ್ಟರ್‌ನಲ್ಲೂ ಅದೇ ಪ್ರಮಾಣಪತ್ರದ ನಕಲು, ಅದೇ ಮನವಿ ಪತ್ರ, ಪ್ರಾಂಶುಪಾಲರ ಸಹಿ, ಪರೀಕ್ಷಾ ವಿಭಾಗದ ಮುದ್ರೆ. ಹೋದ ಸಲ ಮಂದವಿದ್ದ ದೃಷ್ಟಿ ಈ ಸಲ ಸರಿಹೋಗಿರಬಹುದು ಎಂಬಂತೆ! ಎಲ್ಲ ಮುಗಿದ ಮೇಲೆ ಸ್ಕ್ರೈಬ್ ಅನ್ನು ನೀವೇ ಕರೆತನ್ನಿ ಎನ್ನುತ್ತಾರೆ.

ಹಾಗಾಗಿ ಅವಳ ತಂದೆ ವರ್ಷಕ್ಕೆರಡು ಬಾರಿ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳುತ್ತಾರೆ, 12ನೇ ತರಗತಿಯ ಮಕ್ಕಳು ಯಾರಾದರೂ ಬಂದು ಬರೆದುಕೊಡುತ್ತೀರಾ ಎಂದು. ಆ ಗುಂಪಿನಲ್ಲಿ ನನ್ನಂಥ ಎಂಜಿನಿಯರ್‌ಗಳು ಬೇಕಾದಷ್ಟು ಜನ ಇದ್ದೇವೆ. ನಮ್ಮಲ್ಲಿ ಯಾರೂ ಬರೆಯುವಂತಿಲ್ಲ. ಅಭ್ಯರ್ಥಿ ತಾನೇ ಕರೆತರುವ ಸ್ಕ್ರೈಬ್‌ನ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕು ಎಂದು 2018ರ ಮಾರ್ಗಸೂಚಿ ಹೇಳಿತು. ಬರೆಯುವವರೇ ಉತ್ತರ ತುಂಬಿಸಬಾರದು ಎಂಬ ಕಾರಣಕ್ಕೆ ಮಾಡಿದ ನಿಯಮ, ತಪ್ಪೇನಿಲ್ಲ. ಆದರೆ 12ನೇ ತರಗತಿಯ ಮಕ್ಕಳಿಗೂ ಅವರದೇ ಪರೀಕ್ಷೆ, ಟ್ಯೂಷನ್ ಇರುತ್ತದೆ. ಒಪ್ಪಿಕೊಂಡ ಹುಡುಗ ಹಿಂದಿನ ರಾತ್ರಿ ಜ್ವರ ಬಂತೆಂದರೆ ಇವಳ ಒಂದು ಪತ್ರಿಕೆ ಹೋಯಿತು. ಆರು ತಿಂಗಳ ಓದು ನೆರೆಮನೆಯ ಹುಡುಗನ ಆರೋಗ್ಯದ ಮೇಲೆ ನಿಂತಿರುತ್ತದೆ.

ಇದಕ್ಕೆ ಮದ್ದು ಅದೇ ಮಾರ್ಗಸೂಚಿಯಲ್ಲಿತ್ತು. ಪರೀಕ್ಷೆ ನಡೆಸುವ ಸಂಸ್ಥೆ ಜಿಲ್ಲೆ, ವಿಭಾಗ ಮಟ್ಟದಲ್ಲಿ ಸ್ಕ್ರೈಬ್‌ಗಳ ಪಟ್ಟಿ ಸಿದ್ಧ ಮಾಡಿಕೊಳ್ಳಬಹುದು. ಅಭ್ಯರ್ಥಿ ಎರಡು ದಿನ ಮೊದಲೇ ಸ್ಕ್ರೈಬ್‌ನನ್ನು ಭೇಟಿಯಾಗಿ ಹೊಂದುತ್ತದೆಯೇ ಎಂದು ನೋಡಬಹುದು. ಬ್ರೈಲ್, ಕಂಪ್ಯೂಟರ್, ದೊಡ್ಡಕ್ಷರದ ಪತ್ರಿಕೆ, ಉತ್ತರವನ್ನು ರೆಕಾರ್ಡ್ ಮಾಡುವುದು, ಇವುಗಳಲ್ಲಿ ತನಗೆ ಒಗ್ಗುವುದನ್ನು ಆರಿಸಿಕೊಳ್ಳಬಹುದು. ಸಾಧ್ಯವಾದಷ್ಟೂ ನೆಲಮಹಡಿಯಲ್ಲೇ ಪರೀಕ್ಷೆ ಇಡಬೇಕು. ಇದರಲ್ಲಿ ಯಾವುದಕ್ಕೂ ಕೋಟಿ ರೂಪಾಯಿ ಬೇಡ. ಪ್ರವೇಶದ ದಿನವೇ ಅಗತ್ಯವನ್ನು ಕೇಳಿ ಬರೆದುಕೊಂಡು, ಪದವಿ ಮುಗಿಯುವವರೆಗೆ ಅದನ್ನೇ ಪಾಲಿಸುವ ಒಬ್ಬ ಅಧಿಕಾರಿ ಬೇಕು.

ಎರಡು ಆಕ್ಷೇಪಗಳು ಸದಾ ಕೇಳಿಬರುತ್ತವೆ. ಮೊದಲನೆಯದು, ಇದರಿಂದ ಉಳಿದ ವಿದ್ಯಾರ್ಥಿಗಳಿಗೆ ಅನ್ಯಾಯವಾಗುವುದಿಲ್ಲವೇ? ಉತ್ತರ ಪರೀಕ್ಷೆ ಏನನ್ನು ಅಳೆಯುತ್ತಿದೆ ಎಂಬುದರಲ್ಲಿದೆ. ಬೆರಳಚ್ಚು ಪರೀಕ್ಷೆಯಲ್ಲಿ ವೇಗವೇ ವಿಷಯ. ಅಲ್ಲಿ ಸಮಯದ ಪ್ರಶ್ನೆ ಬೇರೆ. ಬಿ.ಕಾಂ. ಪದವಿ ಅಳೆಯುವುದು ಲೆಕ್ಕಶಾಸ್ತ್ರದ ತಿಳಿವಳಿಕೆಯನ್ನು, ಕೈಬರಹದ ವೇಗವನ್ನಲ್ಲ. ಎರಡನೆಯದು ದುರುಪಯೋಗದ ಭಯ. ಸ್ಕ್ರೈಬ್ ಹೆಸರಿನಲ್ಲಿ ಮೋಸ ನಡೆಯಬಹುದು, ನಿಜ. ಅದನ್ನು ತಡೆಯಲು ಸ್ಕ್ರೈಬ್‌ನನ್ನು ವಿಶ್ವವಿದ್ಯಾಲಯವೇ ಕೊಡಬೇಕು, ಪ್ರತ್ಯೇಕ ಕೊಠಡಿಯಲ್ಲಿ ಮೇಲ್ವಿಚಾರಕರನ್ನು ಇಡಬೇಕು, ಕ್ಯಾಮೆರಾ ಹಾಕಬೇಕು. ಅದನ್ನು ಬಿಟ್ಟು ಅರ್ಹರಿಗೂ ಬಾಗಿಲು ಮುಚ್ಚುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಪರೀಕ್ಷೆ ವರ್ಷದಲ್ಲಿ ಕೆಲವೇ ದಿನ. ತರಗತಿ ಪ್ರತಿದಿನ. ಬೋರ್ಡಿನ ಕಡೆ ಮುಖ ಮಾಡಿ ಪಾಠ ಹೇಳುವ ಮೇಷ್ಟ್ರ ತುಟಿ, ಕಿವಿ ಕೇಳದ ವಿದ್ಯಾರ್ಥಿಗೆ ಕಾಣುವುದಿಲ್ಲ. ಹಿಂದಿನ ದಿನವೇ ಟಿಪ್ಪಣಿ ಕಳಿಸಿದರೆ ಅವನಿಗೂ ಪಾಠ ಸಿಗುತ್ತದೆ, ಜ್ವರ ಬಂದು ರಜೆ ಹಾಕಿದವನಿಗೂ ಸಿಗುತ್ತದೆ.

ಇಲ್ಲಿ ಕನ್ನಡದ್ದೇ ಆದ ತೊಡಕೊಂದಿದೆ. ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ; ಪರದೆಯ ಮೇಲಿನ ಅಕ್ಷರಗಳನ್ನು ಅದು ಓದಿ ಹೇಳುತ್ತದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರು ಕಟ್ಟಿ ಬೆಳೆಸಿದ ಎನ್‌ವಿಡಿಎ ಉಚಿತವಾಗಿಯೇ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಅದು ಓದುವುದು ಯೂನಿಕೋಡ್‌ನಲ್ಲಿರುವ ಕನ್ನಡವನ್ನು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ ನಮ್ಮ ಕಣ್ಣಿಗೆ ಕನ್ನಡ. ಕಂಪ್ಯೂಟರ್ ಪಾಲಿಗೆ ಅದು ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಸ್ಕ್ರೀನ್ ರೀಡರ್ ಆ ರಾಶಿಯನ್ನೇ ಓದುತ್ತದೆ. ಪುಟಗಳನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಕಳಿಸಿದರೆ ಅದೂ ಇಲ್ಲ, ಬರೀ ಮೌನ. ಇಂಗ್ಲಿಷ್ ಮಾಧ್ಯಮದ ಅಂಧ ವಿದ್ಯಾರ್ಥಿ ತಾನೇ ಓದಿಕೊಳ್ಳಬಹುದಾದ ಟಿಪ್ಪಣಿಯನ್ನು ಕನ್ನಡ ಮಾಧ್ಯಮದವನು ಯಾರಾದರೂ ಓದಿ ಹೇಳುವವರೆಗೆ ಕಾಯಬೇಕು. ಕನ್ನಡದಲ್ಲಿ ಓದಿದ್ದಕ್ಕೇ ಇನ್ನೊಂದು ಅಡ್ಡಿ ಎದುರಾಯಿತೆಂದರೆ, ಕನ್ನಡದ ಬಗ್ಗೆ ಹೊರನಾಡಿನಲ್ಲಿ ಕೂತು ಅಭಿಮಾನ ಪಡುವ ನಮಗದು ಚುಚ್ಚಬೇಕು. ಯೂನಿಕೋಡ್‌ಗೆ ಪರಿವರ್ತಿಸುವ ಉಪಕರಣಗಳು ಇವೆ. ಕೆಲಸ ಆಗಬೇಕಷ್ಟೆ.

ಮಾಡಿದವರು ಇದ್ದಾರೆ. ಮುಂಬೈನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 2003ರಿಂದ ದೃಷ್ಟಿದೋಷವುಳ್ಳವರಿಗಾಗಿಯೇ ಒಂದು ಸಂಪನ್ಮೂಲ ಕೇಂದ್ರ ನಡೆಯುತ್ತಿದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಸಮಾನ ಅವಕಾಶ ಘಟಕವಿದೆ. ವಿದ್ಯಾರ್ಥಿ ಹತ್ತು ಬಾಗಿಲು ತಟ್ಟುವ ಬದಲು ಒಂದೇ ಬಾಗಿಲಿಗೆ ಹೋಗಬಹುದು ಎಂಬುದೇ ಇಂಥ ವ್ಯವಸ್ಥೆಯ ಅರ್ಧ ಗೆಲುವು.

ನಮ್ಮ ಪಾಲೇನು? ಮೊದಲಿಗೆ, ನಾವೇ ಪರೀಕ್ಷಕರಾಗಿರುವ ಜಾಗ ನೋಡಿಕೊಳ್ಳೋಣ. ಐಟಿ ಕಂಪನಿಗಳ ನೇಮಕಾತಿಗೆ ಆನ್‌ಲೈನ್ ಕೋಡಿಂಗ್ ಪರೀಕ್ಷೆ ಸಿದ್ಧ ಮಾಡುವವರು ನಮ್ಮಂಥವರೇ. 90 ನಿಮಿಷಕ್ಕೆ ತಾನಾಗಿ ಮುಚ್ಚಿಕೊಳ್ಳುವ ಪುಟ, ಸ್ಕ್ರೀನ್ ರೀಡರ್‌ಗೆ ಸಿಗದ ಬಟನ್, ಕ್ಯಾಮೆರಾ ಕಡೆ ನೋಡಲಿಲ್ಲವೆಂದು ಎಚ್ಚರಿಸುವ ತಂತ್ರಾಂಶ. ಕಷ್ಟಪಟ್ಟು ಪದವಿ ಮುಗಿಸಿದ ಹುಡುಗಿ ಬಂದು ನಿಲ್ಲುವುದು ಇದರ ಮುಂದೆ. ಖಾಸಗಿ ಕಂಪನಿಯೂ ಸೇರಿದಂತೆ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು 2016ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ನಮ್ಮ ಕಂಪನಿಯ ನೀತಿಯಲ್ಲಿ ನೇಮಕಾತಿ ಪರೀಕ್ಷೆಯ ಮಾತು ಇದೆಯೇ ಎಂದು ಎಚ್‌ಆರ್‌ನವರನ್ನು ಕೇಳುವುದು ಹತ್ತು ನಿಮಿಷದ ಕೆಲಸ.

ಎರಡನೆಯದು, ನಾವು ಓದಿದ ಕಾಲೇಜು. ಧಾರವಾಡ, ಮೈಸೂರು, ಕಲಬುರಗಿ, ಮಂಗಳೂರುಗಳಿಂದ ಪದವಿ ಪಡೆದು ದೇಶದ ಬೇರೆ ಬೇರೆ ಊರುಗಳಲ್ಲಿ ನೆಲೆಸಿದವರು ನಾವು. ಹಳೆಯ ವಿದ್ಯಾರ್ಥಿಗಳ ಸಂಘದವರು ಪ್ರೊಜೆಕ್ಟರ್‌ಗೋ ಸಭಾಂಗಣದ ಕುರ್ಚಿಗೋ ದೇಣಿಗೆ ಕೇಳಿ ಫೋನ್ ಮಾಡುತ್ತಾರೆ. ಕೊಡೋಣ. ಕೊಡುವಾಗ ಪ್ರಾಂಶುಪಾಲರಿಗೂ ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರಿಗೂ ಮೂರು ಪ್ರಶ್ನೆ ಬರೆದು ಕಳಿಸೋಣ. ವಿಕಲಚೇತನ ವಿದ್ಯಾರ್ಥಿಗಳ ಅಗತ್ಯ ನೋಡಿಕೊಳ್ಳುವ ಅಧಿಕಾರಿ ಯಾರು, ಅವರ ಫೋನ್ ನಂಬರ್ ವಿದ್ಯಾರ್ಥಿಗಳಿಗೆ ಗೊತ್ತೇ? ಸ್ಕ್ರೈಬ್‌ಗಳ ಪಟ್ಟಿ ನಿಮ್ಮಲ್ಲಿದೆಯೇ, ಅಥವಾ ವಿದ್ಯಾರ್ಥಿಯೇ ಹುಡುಕಬೇಕೇ? ಕನ್ನಡದ ಟಿಪ್ಪಣಿ, ಪ್ರಶ್ನೆಪತ್ರಿಕೆಗಳು ಯೂನಿಕೋಡ್‌ನಲ್ಲಿವೆಯೇ?

ಮೂರಕ್ಕೂ ‘ಯಾರಾದರೂ ಬಂದು ಕೇಳಿದರೆ ನೋಡೋಣ’ ಎಂಬ ಉತ್ತರ ಬಂದರೆ, ಕೇಳಲಾಗದೆ ಓದು ಬಿಟ್ಟುಹೋದವರ ಲೆಕ್ಕ ಆ ಕಾಲೇಜಿನಲ್ಲಿ ಯಾರೂ ಇಟ್ಟಿಲ್ಲ ಎಂದರ್ಥ. ಹಾಗಾಗಬಾರದೆಂದರೆ ಕೇಳುವ ವಿದ್ಯಾರ್ಥಿ ಬರುವ ಮೊದಲೇ ವ್ಯವಸ್ಥೆ ಇರಬೇಕು. ಪ್ರವೇಶದ ಹೊತ್ತಿಗೆ ತರಗತಿಗಳಲ್ಲಿ ಬೆಂಚು ಹಾಕಿರುತ್ತೇವಲ್ಲ, ಹಾಗೆ. ಬೆಂಚಿಗಾಗಿ ಯಾವ ವಿದ್ಯಾರ್ಥಿಯೂ ಅರ್ಜಿ ಬರೆದಿದ್ದನ್ನು ನಾವು ಕಂಡಿಲ್ಲ.