ಇರುಳಿನಲ್ಲಿ ಅಶ್ವತ್ಥ ಮಾಡುವುದೇನು?

ಓದುಗ ಶರಣಬಂಧುಗಳಲ್ಲಿ ಈ ತಿಂಗಳು ನಾವು ಮೊದಲಿಗೆ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕಳೆದ ಮುಂಗಾರಿನ ಆರಂಭದಲ್ಲಿ ಒಂದು ಗ್ರಾಮದಲ್ಲಿ ಸಸಿ ನೆಡುವ ಸಮಾರಂಭ ನಡೆಯಿತು. ನಾಲ್ಕು ಹಿತವಚನ ಹೇಳಬೇಕೆಂದು ಊರ ಹಿರಿಯರು ನಮ್ಮನ್ನು ಬರಮಾಡಿಕೊಂಡಿದ್ದರು. ವೇದಿಕೆಯ ಎದುರಿಗೇ ಕಲ್ಲಿನ ಕಟ್ಟೆಯ ನಡುವೆ ಹಳೆಯದೊಂದು ಅಶ್ವತ್ಥ ವೃಕ್ಷವಿತ್ತು. ಅದನ್ನು ತೋರಿಸಿ ನಾವು, “ಉಳಿದ ಮರಗಳು ಹಗಲು ಮಾತ್ರ ಆಮ್ಲಜನಕವನ್ನು ಕೊಡುತ್ತವೆ, ಅಶ್ವತ್ಥವಾದರೋ ಹಗಲಿರುಳೂ ಕೊಡುತ್ತದೆ. ಇದನ್ನು ಅರಿತೇ ನಮ್ಮ ಪೂರ್ವಿಕರು ಅದಕ್ಕೆ ಕಟ್ಟೆ ಕಟ್ಟಿದರು” ಎಂದು ಹೇಳಿದೆವು. ಸಭೆಯಲ್ಲಿ ಚಪ್ಪಾಳೆಯೂ ಬಿದ್ದಿತು.

ಪ್ರಸಾದದ ತರುವಾಯ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಹತ್ತಿರ ಬಂದು ಶರಣು ಹೇಳಿ, “ಅಜ್ಜಾರ, ರಾತ್ರಿ ಬಿಸಿಲ ಇರೂದಿಲ್ಲಲ್ಲರೀ. ಬಿಸಿಲಿಲ್ದ ಗಿಡ ಆಮ್ಲಜನಕ ಎಲ್ಲಿಂದ ತರ್ತೈತ್ರೀ?” ಎಂದು ಕೇಳಿದಳು. ಅವಳ ತಂದೆ, “ದೊಡ್ಡವರಿಗೆ ಹಂಗೆಲ್ಲಾ ಕೇಳಬಾರದವಾ” ಎಂದು ಗದರಿದರು. ನಾವು, “ಅದು ಆ ವೃಕ್ಷದ ವಿಶೇಷ, ತಾಯಿ” ಎಂದು ನುಡಿದು ಎದ್ದುಬಿಟ್ಟೆವು. ಬಾಯಿ ಹಾಗೆ ನುಡಿಯಿತೇ ಹೊರತು ಮನಸ್ಸು ಒಪ್ಪಲಿಲ್ಲ. ಕಾರಣವಿಲ್ಲದೆ ಕಾರ್ಯವಿಲ್ಲ ಎಂಬ ತರ್ಕದ ಮೊದಲ ಪಾಠವನ್ನು ನಾವು ಮಠದ ಪಾಠಶಾಲೆಯಲ್ಲಿ ಹುಡುಗರಾಗಿದ್ದಾಗಲೇ ಕಲಿತಿದ್ದೆವು. ಆ ಮಗು ಕೇಳಿದ್ದು ಅದನ್ನೇ. ಕಾರಣವಾದ ಬೆಳಕು ಇಲ್ಲದಿರುವಾಗ ಕಾರ್ಯವಾದ ಆಮ್ಲಜನಕ ಎಲ್ಲಿಂದ ಬಂದೀತು?

ಮನೆಗೆ ಬಂದು ನಮ್ಮಲ್ಲಿದ್ದ ಗ್ರಂಥಗಳನ್ನು ತೆರೆದೆವು. ಅಶ್ವತ್ಥದ ಮಹಿಮೆ ಬೇಕಾದಷ್ಟು ಸಿಕ್ಕಿತು. ಇರುಳಿನಲ್ಲಿ ಅದು ಪ್ರಾಣವಾಯುವನ್ನು ಸೂಸುತ್ತದೆಂಬ ಮಾತು ಎಲ್ಲಿಯೂ ಸಿಕ್ಕಲಿಲ್ಲ. ಸಿಕ್ಕುವುದಾದರೂ ಹೇಗೆ? ಆಮ್ಲಜನಕವೆಂಬ ಅನಿಲವನ್ನು ಬೇರ್ಪಡಿಸಿ ಗುರುತಿಸಿದ್ದೇ 1770ರ ದಶಕದಲ್ಲಿ. ಯಾರಿಂದಲೋ ಕೇಳಿದ ಮಾತನ್ನು ಪರೀಕ್ಷಿಸದೆ ಪೂರ್ವಿಕರ ಬಾಯಿಗೆ ಹಾಕಿದ್ದೆವು. ಹೀಗೆ ತಪ್ಪು ಎರಡಾಯಿತು.

ಮುಂದಿನ ವಾರ ನಾವಾಗಿಯೇ ಆ ಊರಿನ ಪ್ರೌಢಶಾಲೆಗೆ ಹೋಗಿ ವಿಜ್ಞಾನದ ಗುರುಗಳನ್ನು ಕಂಡೆವು. ಅವರು ನಗದೆ, ನಮ್ಮನ್ನು ವಿದ್ಯಾರ್ಥಿಗಳ ಸಾಲಿನಲ್ಲಿ ಕುಳ್ಳಿರಿಸಿಕೊಂಡು ಒಂದು ಪ್ರಯೋಗವನ್ನು ತೋರಿಸಿದರು. ಗಾಜಿನ ಪಾತ್ರೆಯ ನೀರಿನಲ್ಲಿ ಹೈಡ್ರಿಲ್ಲಾ ಎಂಬ ಜಲಸಸ್ಯ. ಅದರ ಮೇಲೆ ಬೋರಲು ಹಾಕಿದ ಗಾಜಿನ ಆಲಿಕೆ. ಆಲಿಕೆಯ ತುದಿಗೆ ನೀರು ತುಂಬಿ ಮಗುಚಿದ ಪ್ರನಾಳ. ಪಾತ್ರೆಯನ್ನು ಬಿಸಿಲಿಗೆ ಇಟ್ಟಾಗ ಎಲೆಗಳಿಂದ ಸಣ್ಣ ಸಣ್ಣ ಗುಳ್ಳೆಗಳು ಎದ್ದು ಪ್ರನಾಳದಲ್ಲಿ ಸೇರತೊಡಗಿದವು. ಕಪ್ಪು ಬಟ್ಟೆ ಮುಚ್ಚಿದರೆ ಗುಳ್ಳೆ ನಿಂತಿತು. ತೆಗೆದರೆ ಮತ್ತೆ ಬಂದಿತು. ಸಾಕಷ್ಟು ಅನಿಲ ಸೇರಿದ ಮೇಲೆ, ಜ್ವಾಲೆ ಆರಿ ಕೆಂಡವಷ್ಟೇ ಉಳಿದಿದ್ದ ಕಡ್ಡಿಯೊಂದನ್ನು ಅದರೊಳಗೆ ಹಿಡಿದರು. ಅದು ಧಗ್ಗನೆ ಹೊತ್ತಿಕೊಂಡಿತು. ಅದೇ ಆಮ್ಲಜನಕ. ಪ್ರತ್ಯಕ್ಷಕ್ಕಿಂತ ಬೇರೆ ಪ್ರಮಾಣ ಬೇಕೆ?

ಇದನ್ನು ಮೊದಲು ಕಂಡುಕೊಂಡವರ ಕಥೆಯೂ ತಿಳಿಯತಕ್ಕದ್ದಾಗಿದೆ. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಎಂಬವರು, ಉರಿದು ನಂದಿದ ಮೇಣದಬತ್ತಿಯಿಂದ ಕೆಟ್ಟ ಗಾಳಿಯಲ್ಲಿ ಪುದೀನದ ಗಿಡವನ್ನಿಟ್ಟರೆ ಕೆಲವು ದಿನಗಳಲ್ಲಿ ಆ ಗಾಳಿಯಲ್ಲಿ ಮತ್ತೆ ಬತ್ತಿ ಉರಿಯುತ್ತದೆಂದು ಕಂಡರು. ಆದರೆ ಎಲ್ಲ ಸಲವೂ ಒಂದೇ ಫಲ ಬರಲಿಲ್ಲ. ಬೆಳಕಿನ ಪಾತ್ರ ಅವರಿಗೆ ಹೊಳೆದಿರಲಿಲ್ಲ. 1779ರಲ್ಲಿ ಡಚ್ ವೈದ್ಯರಾದ ಯಾನ್ ಇಂಗೆನ್‌ಹೌಸ್ ಐದುನೂರಕ್ಕೂ ಮಿಕ್ಕ ಪ್ರಯೋಗಗಳನ್ನು ಮಾಡಿ ಗಂಟನ್ನು ಬಿಡಿಸಿದರು: ಗಾಳಿಯನ್ನು ಶುದ್ಧಗೊಳಿಸುವುದು ಗಿಡದ ಹಸಿರು ಭಾಗಗಳು ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ, ಕತ್ತಲೆಯಲ್ಲಿ ಗಿಡವೂ ನಮ್ಮಂತೆಯೇ ಗಾಳಿಯನ್ನು ಕೆಡಿಸುತ್ತದೆ. ಇನ್ನೂರ ನಲವತ್ತು ವರ್ಷಗಳಿಗೂ ಹಿಂದೆ ಇತ್ಯರ್ಥವಾದ ಸಂಗತಿಯನ್ನು ನಾವು ತುಂಬಿದ ಸಭೆಯಲ್ಲಿ ತಲೆಕೆಳಗು ಮಾಡಿದ್ದೆವು.

ಇನ್ನು ಎಲೆಯೊಳಗೆ ನಡೆಯುವುದೇನು? ಎಲೆಯ ಜೀವಕೋಶಗಳಲ್ಲಿ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳಿವೆ. ಅವುಗಳೊಳಗಿನ ತೆಳು ಪೊರೆಗಳಲ್ಲಿ ಪತ್ರಹರಿತ್ತು ನೆಲೆಸಿದೆ. ಅದರ ಪ್ರತಿ ಅಣುವಿನ ನಡುವೆ ಮೆಗ್ನೀಸಿಯಮ್ಮಿನ ಒಂದು ಪರಮಾಣು ಇರುತ್ತದೆ. ಬೆಳಕು ಬಿದ್ದೊಡನೆ ಪತ್ರಹರಿತ್ತಿನ ಒಂದು ಎಲೆಕ್ಟ್ರಾನು ಹೆಚ್ಚಿನ ಶಕ್ತಿಯನ್ನು ಪಡೆದು ಹೊರಟುಬಿಡುತ್ತದೆ. ತೆರವಾದ ಆ ಸ್ಥಾನವನ್ನು ತುಂಬಲು ಗಿಡವು ನೀರನ್ನು ಒಡೆಯುತ್ತದೆ. ನೀರಿನ ಎರಡು ಅಣುಗಳು ಒಡೆದಾಗ ಆಮ್ಲಜನಕದ ಒಂದು ಅಣು ಹೊರಬರುತ್ತದೆ. ನಾವು ಉಸಿರಾಡುವ ಪ್ರಾಣವಾಯು ಇದೇ. ಅದು ಇಂಗಾಲದ ಡೈಆಕ್ಸೈಡಿನಿಂದ ಬರುತ್ತದೆಂದು ವಿದ್ವಾಂಸರೂ ಬಹುಕಾಲ ಭಾವಿಸಿದ್ದರು. 1941ರಲ್ಲಿ ರೂಬೆನ್, ಕಾಮೆನ್ ಮತ್ತು ಅವರ ಸಂಗಡಿಗರು ಭಾರವಾದ ಆಮ್ಲಜನಕದ ಗುರುತಿಟ್ಟ ನೀರನ್ನು ಬಳಸಿ, ಅದು ನೀರಿನಿಂದಲೇ ಬರುವುದೆಂದು ತೋರಿಸಿದರು. ಪಂಡಿತರೂ ತಿದ್ದಿಕೊಂಡಿದ್ದಾರೆಂಬುದು ನಮಗೆ ಸ್ವಲ್ಪ ಸಮಾಧಾನ ತಂದಿತು.

ನೀರು ಒಡೆದಾಗ ಉಳಿದ ಜಲಜನಕದ ಕಣಗಳು ಪೊರೆಯ ಒಳಬದಿಯಲ್ಲಿ ಕೆರೆಯ ನೀರಿನಂತೆ ತುಂಬಿಕೊಳ್ಳುತ್ತವೆ. ಹೊರಹೋಗಲು ಅವಕ್ಕೆ ಕೆರೆಯ ತೂಬಿನಂತಹ ಕಿರುದಾರಿ ಇದೆ. ಆ ತೂಬಿನಲ್ಲಿ ರಾಟೆಯಂತೆ ತಿರುಗುವ ಒಂದು ಯಂತ್ರವೇ ಇದ್ದು, ಕಣಗಳು ಹರಿದಂತೆಲ್ಲ ಅದು ತಿರುಗಿ ಎ.ಟಿ.ಪಿ. ಎಂಬ ಶಕ್ತಿವಸ್ತುವನ್ನು ತಯಾರಿಸುತ್ತದೆ. ಈ ಯಂತ್ರದ ಮರ್ಮವನ್ನು ಬಿಡಿಸಿದ ಪಾಲ್ ಬಾಯರ್ ಮತ್ತು ಜಾನ್ ವಾಕರ್ ಅವರಿಗೆ 1997ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಹೊರಟ ಎಲೆಕ್ಟ್ರಾನುಗಳ ಶಕ್ತಿಯೂ ಇನ್ನೊಂದು ವಾಹಕದಲ್ಲಿ ಕೂಡಿಡಲ್ಪಡುತ್ತದೆ. ಇಲ್ಲಿಗೆ ಬೆಳಕು ರಾಸಾಯನಿಕ ಶಕ್ತಿಯಾಯಿತು.

ಆದರೆ ಇದು ಬಹುಕಾಲ ಉಳಿಯುವ ಗಂಟಲ್ಲ; ಅಂದಿನ ಕೂಲಿ ಅಂದೇ ಖರ್ಚಾಗತಕ್ಕದ್ದು. ಗಾಳಿಯಲ್ಲಿ ಹತ್ತು ಸಾವಿರ ಪಾಲಿಗೆ ನಾಲ್ಕು ಪಾಲಿಗಿಂತ ತುಸು ಹೆಚ್ಚಾಗಿರುವ ಇಂಗಾಲದ ಡೈಆಕ್ಸೈಡನ್ನು ಎಲೆಯು ತನ್ನ ಪತ್ರರಂಧ್ರಗಳಿಂದ ಒಳಗೆ ತೆಗೆದುಕೊಂಡು, ಈ ಶಕ್ತಿಯಿಂದ ಅದನ್ನು ಸಕ್ಕರೆಯಾಗಿ ಕಟ್ಟುತ್ತದೆ. ಆ ಕಟ್ಟೋಣದ ಮೆಟ್ಟಿಲುಗಳನ್ನು ಅಮೆರಿಕದಲ್ಲಿ ಮೆಲ್ವಿನ್ ಕ್ಯಾಲ್ವಿನ್ ಮತ್ತು ಅವರ ಸಹೋದ್ಯೋಗಿಗಳು ಗುರುತಿಸಿದರು. ಅದಕ್ಕಾಗಿ ಕ್ಯಾಲ್ವಿನ್ನರಿಗೆ 1961ರಲ್ಲಿ ನೊಬೆಲ್ ಸಂದಿತು. ಹಗಲೆಲ್ಲ ದುಡಿದ ಎಲೆಯು ಸಕ್ಕರೆಯ ಒಂದು ಭಾಗವನ್ನು ಪಿಷ್ಟವಾಗಿ ಮಾಡಿ ತನ್ನಲ್ಲೇ ಕೂಡಿಡುತ್ತದೆ. ನಮ್ಮ ಜೋಳದ ರೊಟ್ಟಿ, ಅನ್ನ, ಬೆಲ್ಲ, ಒಲೆಯ ಸೌದೆ ಇವೆಲ್ಲವೂ ಎಂದೋ ಒಂದು ದಿನ ಎಲೆಯ ಮೇಲೆ ಬಿದ್ದ ಬಿಸಿಲೇ. ಅದೂ ಹೊಲದ ಮೇಲೆ ಬಿದ್ದ ಬಿಸಿಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು ಮಾತ್ರ ಹೀಗೆ ಬೆಳೆಯಲ್ಲಿ ಉಳಿಯುತ್ತದೆ.

ಹಾಗಾದರೆ ಇರುಳಿನಲ್ಲಿ ಅಶ್ವತ್ಥ ಮಾಡುವುದೇನು? ಹಗಲು ಕೂಡಿಟ್ಟ ಬುತ್ತಿಯನ್ನು ಬಿಚ್ಚುತ್ತದೆ. ಪಿಷ್ಟವನ್ನು ಕರಗಿಸಿ ಸಕ್ಕರೆ ಮಾಡಿ ಬೇರಿಗೂ ಚಿಗುರಿಗೂ ಕಳುಹಿಸುತ್ತದೆ. ಅದರಲ್ಲೊಂದಿಷ್ಟನ್ನು ಉಸಿರಾಟದಲ್ಲಿ ವ್ಯಯಿಸುತ್ತದೆ. ಆಗ ಅದು ಆಮ್ಲಜನಕವನ್ನು ತೆಗೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಹಗಲಿನಲ್ಲಿಯೂ ಉಸಿರಾಟ ನಡೆದೇ ಇರುತ್ತದೆ. ಆದರೆ ಒಳ್ಳೆಯ ಬೆಳಕಿನಲ್ಲಿ ಎಲೆಯ ಗಳಿಕೆ ಖರ್ಚಿಗಿಂತ ಬಹಳ ಹೆಚ್ಚು. ಭೂತಾಳೆ, ಅನಾನಸು, ಪಾಪಾಸುಕಳ್ಳಿಯಂತಹ ಸಸ್ಯಗಳು ನೀರನ್ನು ಉಳಿಸುವುದಕ್ಕಾಗಿ ಪತ್ರರಂಧ್ರಗಳನ್ನು ಇರುಳಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಆಮ್ಲವಾಗಿ ಕೂಡಿಡುತ್ತವೆ. ನಾವು ಹೇಳಿದಂತಹ ಮಾತಿಗೆ ಈ ಸಂಗತಿಯೂ ಎಡೆಮಾಡಿಕೊಟ್ಟಿರಬಹುದು. ಆದರೆ ಅವೂ ಆಮ್ಲಜನಕವನ್ನು ಕೊಡುವುದು ನೀರು ಒಡೆದಾಗಲೇ. ನೀರು ಒಡೆಯುವುದು ಬೆಳಕಿನಲ್ಲೇ. ಈ ನಿಯಮಕ್ಕೆ ಅಶ್ವತ್ಥವೂ ಹೊರತಲ್ಲ, ಬೇವೂ ಹೊರತಲ್ಲ, ಅಂಗಳದ ತುಳಸಿಯೂ ಹೊರತಲ್ಲ.

ಇದನ್ನು ಕೇಳಿ ತಾಯಂದಿರು ಹೆದರಬೇಕಾಗಿಲ್ಲ. ಕೋಣೆಯಲ್ಲಿಟ್ಟ ಒಂದೆರಡು ಕುಂಡಗಳ ಗಿಡ ಇರುಳಿನಲ್ಲಿ ಬಿಡುವ ಇಂಗಾಲದ ಡೈಆಕ್ಸೈಡು, ಪಕ್ಕದಲ್ಲಿ ಮಲಗಿದ ಒಬ್ಬ ಮನುಷ್ಯನ ಉಸಿರಿಗಿಂತ ಬಹಳ ಕಡಿಮೆ. ಬಯಲಿನ ಮರದ ಕೆಳಗಂತೂ ಗಾಳಿ ಸದಾ ಆಡುತ್ತಿರುತ್ತದೆ. ರಾತ್ರಿ ಮರದ ಕೆಳಗೆ ಮಲಗಬೇಡಿರೆಂದು ಹಿರಿಯರು ಹೇಳುವುದಕ್ಕೆ ಹಾವು, ಹುಳು, ಮುರಿದು ಬೀಳುವ ಟೊಂಗೆಗಳ ಭಯವೇ ಸಾಕಾದ ಕಾರಣ.

ಈ ವಿಷಯವನ್ನು ಬರೆಯುತ್ತೇವೆಂದಾಗ ನಮ್ಮ ಹಳೆಯ ಸ್ನೇಹಿತರೊಬ್ಬರು ತಡೆದರು. “ಸುಳ್ಳೇ ಇರಲಿ, ಅದರಿಂದ ಮರ ಉಳಿದಾವು. ನೀವೇ ಹೀಗೆ ಬರೆದರೆ ನಾಳೆ ಕೊಡಲಿ ಹಿಡಿದು ಬರುವವರನ್ನು ಯಾರು ತಡೆಯಬೇಕು?” ಎಂದರು. ಅವರ ಕಳಕಳಿ ದೊಡ್ಡದು. ನಾವೂ ಎರಡು ದಿನ ಲೇಖನಿ ಹಿಡಿಯಲಿಲ್ಲ. ಕೊನೆಗೆ ನಮಗೆ ತೋಚಿದ್ದಿಷ್ಟು: ಸುಳ್ಳಿನ ಬೇಲಿಯಿಂದ ಮರವನ್ನು ಕಾಯುವುದು ಆ ಸುಳ್ಳು ಬಯಲಾಗುವವರೆಗೆ ಮಾತ್ರ. ಹತ್ತನೆಯ ತರಗತಿಯ ಹುಡುಗಿ ಅದನ್ನು ಒಂದೇ ಪ್ರಶ್ನೆಯಿಂದ ಬಯಲು ಮಾಡಿದಳು. ಹಿರಿಯರು ಒಂದು ಮಾತಿನಲ್ಲಿ ತಪ್ಪಿದ್ದಾರೆಂದು ಕಂಡ ಮಗು, ಅವರು ಹೇಳಿದ ನಿಜವನ್ನೂ ಸಂಶಯದಿಂದಲೇ ನೋಡೀತು. ಆ ನಷ್ಟ ಒಂದು ಮರದ ನಷ್ಟಕ್ಕಿಂತ ಕಡಿಮೆಯದಲ್ಲ. ಅಲ್ಲದೆ, ಮರವನ್ನು ಉಳಿಸಿಕೊಳ್ಳಲು ನಿಜವೇ ಸಾಲದೆ? ಹಗಲೆಲ್ಲ ನಿಂತಲ್ಲಿಯೇ ನಿಂತು ಬೆಳಕನ್ನು ಅನ್ನ ಮಾಡುವ ಈ ಕಾಯಕಜೀವಿಗೆ, ಇರುಳಿನಲ್ಲಿಯೂ ದುಡಿಯುತ್ತದೆಂಬ ಹುಸಿಯ ಬಿರುದೇಕೆ?

ಕಳೆದ ತಿಂಗಳು ಆ ಊರಿಗೆ ಮತ್ತೆ ಹೋಗಿ, ಅದೇ ಕಟ್ಟೆಯ ಮುಂದೆ, ನಮ್ಮ ಮಾತು ತಪ್ಪೆಂದು ಹೇಳಿ ಬಂದೆವು. ಈ ಸಲ ಚಪ್ಪಾಳೆ ಬೀಳಲಿಲ್ಲ. ಗದರಿದ್ದ ತಂದೆ ಮಗಳನ್ನು ಮುಂದಕ್ಕೆ ಕರೆತಂದು ನಿಲ್ಲಿಸಿದರು. “ಇನ್ನೇನಾದರೂ ಕೇಳುವುದಿದೆಯೇ, ತಾಯಿ?” ಎಂದೆವು. “ಐತ್ರೀ ಅಜ್ಜಾರ. ಎಲೆ ಹಸಿರs ಯಾಕ ಇರ್ತೈತ್ರೀ?” ಎಂದಳು. ಈ ಸಲ ನಾವು ಎದ್ದುಹೋಗಲಿಲ್ಲ. ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಹಸಿರನ್ನು ಅಷ್ಟಾಗಿ ಹೀರದೆ ಉಳಿಸುವುದರಿಂದ ಅದು ನಮ್ಮ ಕಣ್ಣಿಗೆ ಬರುತ್ತದೆ ಎಂದು, ಅವಳ ಗುರುಗಳಿಂದ ಕಲಿತದ್ದನ್ನೇ ಅವಳಿಗೆ ಹೇಳಿದೆವು.

ನಿಮ್ಮ ಮನೆಯ ಮಕ್ಕಳೂ ಇಂತಹ ಪ್ರಶ್ನೆ ಕೇಳಿಯಾರು. ಗದರಬೇಡಿರಿ. ಉತ್ತರ ತಿಳಿದಿದ್ದರೆ ಹೇಳಿರಿ. ತಿಳಿಯದಿದ್ದರೆ ಮಕ್ಕಳೊಡನೆ ಕುಳಿತು ಕಲಿಯಿರಿ. ಶರಣು ಶರಣಾರ್ಥಿ.